ದೋಸೆಹಿಟ್ಟಿಗೆ ಪೇಟೆಂಟ್

ಬೊಮ್ಮಸಂದ್ರದ ನಮ್ಮ ಔಷಧಿ ಕಂಪನಿ ಎದುರು ಗೌರಕ್ಕನ ದೋಸೆ ಗಾಡಿ. ಒಂದು ಬೆಳಿಗ್ಗೆ ನನಗೆ ನಾಲಿಗೆ ತುರಿಸಿತು.

"ಅಕ್ಕಾ, ನಿಮ್ಮ ಹಿಟ್ಟು ಹುಳಿ ಬರಿಸೋ ಸೂಕ್ಷ್ಮಜೀವಿಗೆ ನಮ್ಮ ಕಂಪನಿ ಪೇಟೆಂಟ್ ತಗೊಳ್ತಿದೆ. ಇನ್ಮೇಲೆ ಹಿಟ್ಟು ಉಬ್ಬಿಸೋಕೂ ಅಪ್ಪಣೆ ಬೇಕು" ಅಂದೆ.

ನಂಬಿಬಿಟ್ಟಳು. ಅಷ್ಟರಲ್ಲಿ ನಮ್ಮ ಕಂಪನಿಯ ಪೇಟೆಂಟ್ ವಕೀಲರು ದೋಸೆಗೆ ಬಂದರು. ದಿನಾ ಬರೋ ಗಿರಾಕಿ, ಅವಳಿಗೆ ಗುರುತಿತ್ತು; ಅವರ ಮುಂದೆ ಸೌಟು ಎತ್ತಿ ನಿಂತಳು.

"ನಮ್ಮತ್ತೆ ಕಾಲದಿಂದ ಹಳೇ ಹಿಟ್ಟು ಬೆರೆಸಿ ಉಬ್ಬಿಸ್ಕೊಂಡು ಬಂದಿವ್ನಿ. ಅದು ನಿಮ್ದೆಂಗಾಯ್ತದೆ ಸಾರ್?"

ವಕೀಲರು ಎರಡು ಹೆಜ್ಜೆ ಹಿಂದೆ ಸರಿದರು. "ಇಲ್ಲಮ್ಮಾ, ಪ್ರಕೃತಿಯಲ್ಲಿ ತಾನಾಗೇ ಇರೋ ಜೀವಿಗೆ ಪೇಟೆಂಟ್ ಸಿಗಲ್ಲ. ಮನುಷ್ಯ ಹೊಸದಾಗಿ ಏನಾದ್ರೂ ಸೃಷ್ಟಿ ಮಾಡಿರ್ಬೇಕು."

ಸೌಟು ನನ್ನತ್ತ ತಿರುಗಿತು. "ಅಂಗಾದ್ರೆ ಈವಯ್ಯನ ಸುಳ್ಳಿಗೆ ಕೊಡಿ ಸಾರ್. ಪೂರ್ತಿ ಇವ್ನೇ ಮಾಡಿರೋದು."

ನನಗೂ ಆಸೆಯಾಯಿತು. ಆದರೆ ನನ್ನ ಸುಳ್ಳಿನಲ್ಲಿ ಹೊಸದೇನೂ ಇಲ್ಲ ಅಂತ ತಕರಾರು ಹಾಕೋಕೆ ಮನೆಯಲ್ಲಿ ಹೆಂಡತಿ ಇದ್ದಾಳಲ್ಲ!