ನಾನು ಗೋಡೆ ಉಜ್ಜಿದ ವಾರ

ಅಕ್ಕನ ಬಲಗೈ ಹೆಬ್ಬೆರಳು ಸ್ವಲ್ಪ ಡೊಂಕಾಗಿತ್ತು. ಮೊಸರನ್ನವನ್ನು ಆ ಬೆರಳಿನಿಂದ ಅದುಮಿ, ಮಗಳ ಬಾಯಿಗೆ ಹಿಡಿಯುವಷ್ಟೇ ತುತ್ತು ಮಾಡುತ್ತಿದ್ದಳು. ಮಗುವಿಗೆ ಎರಡು ವರ್ಷ. ಅಮೆರಿಕದ ಆಸ್ಟಿನ್‌ನಲ್ಲಿದ್ದ ಅವಳ ಆ ಹಳೇ ಮರದ ಮನೆಯ ಮೆಟ್ಟಿಲ ಮೇಲೆ ಕೂತು ಅಳಿಲು ತೋರಿಸದಿದ್ದರೆ ಬಾಯಿ ತೆರೆಯುತ್ತಿರಲಿಲ್ಲ.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೈಸೂರಿನಲ್ಲಿ ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದೆ. ಅಕ್ಕನೇ ಕಾಗದಪತ್ರ ಮಾಡಿಸಿ ಕರೆಸಿಕೊಂಡಳು. ದಿನಾ ಅಡುಗೆಮನೆಯಲ್ಲಿ ಕೂರಿಸಿಕೊಂಡು ಇಂಗ್ಲಿಷ್ ಓದಿಸುತ್ತಿದ್ದಳು. ತಪ್ಪಿದರೆ ಸಿಟ್ಟಿಲ್ಲ, ನಗು. "ನಿನ್ನ ಇಂಗ್ಲಿಷ್ ಕೇಳಿ ಫ್ರಿಜ್ಜೂ ಬೆವರ್ತಾ ಇದೆ ನೋಡೋ!" ಅವಳಿಗೆ ತಮಾಷೆ. ನನಗೆ ಒಳಗೇ ಚುಚ್ಚುತ್ತಿತ್ತು.

ತೊಂಬತ್ತೆಂಟರ ಬೇಸಿಗೆಯಲ್ಲಿ ಆ ಮನೆ ಮಾರಿ ಪಕ್ಕದೂರು ಫ್ಲೂಗರ್‌ವಿಲ್‌ಗೆ ಹೋಗುವುದೆಂದಾಯಿತು. ಅದಕ್ಕೆ ಮೊದಲು ಹೊರಗೋಡೆಗೆ ಬಣ್ಣ ಆಗಬೇಕಿತ್ತು. "ನಾನಿಲ್ವಾ? ಸಾಮಾನೂ ನಾನೊಬ್ಬನೇ ತರ್ತೀನಿ" ಎಂದೆ. ಪೇಂಟ್ ಅಂಗಡಿಯ ಮುದುಕ ಬಹಳ ಹೊತ್ತು ಏನೋ ಹೇಳಿ, ಮಗುವಿನ ಚಿತ್ರವಿದ್ದ ಒಂದು ಕಾಗದ ಕೊಟ್ಟ. ಒಂದೂ ಅರ್ಥವಾಗಲಿಲ್ಲ. "ಯೆಸ್, ಯೆಸ್" ಎಂದೆ. ಹೊರಬಂದವನೇ ಕಾಗದವನ್ನು ಕಸಕ್ಕೆ ಹಾಕಿದೆ.

"ಅಂಗಡೀಲಿ ಏನಾದ್ರೂ ಹೇಳಿದ್ರೇನೋ?"

"ಏನಿಲ್ಲಕ್ಕ. ಥ್ಯಾಂಕ್ ಯೂ ಅಂದ್ರು."

"ಭೇಷ್! ನನ್ನ ತಮ್ಮ ಪಾಸು!"

ಐದು ದಿನ ಮೈಸೂರಿನಲ್ಲಿ ಮಾಡುತ್ತಿದ್ದ ಹಾಗೆಯೇ ಹಳೇ ಬಣ್ಣವನ್ನು ನೀರು ಸೋಕಿಸದೆ ಕೆರೆದು ಉಜ್ಜಿದೆ. ಬಿಳಿ ಪುಡಿ ಮೆಟ್ಟಿಲ ಮೇಲೆ, ಹುಲ್ಲಿನ ಮೇಲೆ, ಅಕ್ಕನ ಕೂದಲ ಮೇಲೆ. ಗಾಳಿ ಬೀಸಿದರೆ ಅವಳು ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಮೊಸರನ್ನದಲ್ಲಿ ಆ ಪುಡಿ ಕಾಣುವುದಿಲ್ಲ. ಮಗು ಮೆಟ್ಟಿಲ ಮೇಲಿನ ಪುಡಿಯಲ್ಲಿ ಬೆರಳಾಡಿಸಿ, ಬೆರಳನ್ನು ಬಾಯಿಗಿಟ್ಟುಕೊಂಡು, "ಮೋರ್ ಸ್ನೋ, ಮಾಮಾ" ಎನ್ನುತ್ತಿತ್ತು. ನಾನು ಇನ್ನಷ್ಟು ಉಜ್ಜುತ್ತಿದ್ದೆ.

ಎರಡು ತಿಂಗಳಿಗೆ ಮಗು ತುತ್ತು ದೂಡತೊಡಗಿತು. ಹೊಟ್ಟೆನೋವು, ರಚ್ಚೆ. ಬಂದಿದ್ದ ಮಾತುಗಳು ಒಂದೊಂದೇ ಹೋದವು. ರಕ್ತದಲ್ಲಿ ಸೀಸದ ವಿಷ ಸೇರಿದೆ ಎಂದರು ಡಾಕ್ಟರು. ಹಳೇ ಬಣ್ಣದಲ್ಲಿ ಅದು ಇರುತ್ತದಂತೆ. ಒದ್ದೆ ಮಾಡದೆ ಉಜ್ಜಬಾರದಂತೆ, ಮಕ್ಕಳನ್ನು ಹತ್ತಿರ ಬಿಡಬಾರದಂತೆ.

ಅಕ್ಕ ನನ್ನತ್ತ ತಿರುಗಿದಳು. "ಯಾರೂ ನಿಮಗೆ ಹೇಳ್ಲಿಲ್ವಾ ಅಂತ ಕೇಳ್ತಿದ್ದಾರೆ ಕಣೋ."

"ಇಲ್ಲಕ್ಕ."

ಅದನ್ನೇ ಅವಳು ಇಂಗ್ಲಿಷಿನಲ್ಲಿ ಡಾಕ್ಟರಿಗೆ ಹೇಳಿದಳು.

ಭಾವ ನನ್ನ ಮೇಲೆ ರೇಗಿದಾಗ ಅಕ್ಕನೇ ಅಡ್ಡ ಬಂದಳು. "ಹೊರಗೆ ಕೂತು ತಿನ್ನಿಸಿದ್ದು ನಾನು. ಅವನನ್ಯಾಕೆ ಬೈತೀರಿ?" ಹೊಸ ಮನೆಯ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಮಗಳಿಗೆ ಅದೇ ನಾಲ್ಕು ಅಕ್ಷರ ತಿದ್ದಿಸಿದಳು. ಮಗಳು ತಪ್ಪಿದಾಗ ಒಮ್ಮೆಯೂ ನಗಲಿಲ್ಲ.

ಒಂಬತ್ತು ವರ್ಷದ ಮೇಲೆ ಹ್ಯೂಸ್ಟನ್‌ನ ಆಸ್ಪತ್ರೆಯಲ್ಲಿ ಅಕ್ಕ ತೀರಿಕೊಂಡಳು. ಹಿಂದಿನ ಮಧ್ಯಾಹ್ನ ಹಾಸಿಗೆಯ ಪಕ್ಕ ನಾನೊಬ್ಬನೇ ಇದ್ದೆ.

"ಮಗಳನ್ನ ನೋಡ್ಕೋತೀಯಲ್ಲ? ನೀನಿದೀಯ ಅಂತಲೇ ನಂಗೆ ಧೈರ್ಯ."

"ಅಕ್ಕಾ..." ಎಂದೆ.

ಅವಳು ಕಣ್ಣು ತೆರೆದು ನನ್ನ ಮಾತಿಗಾಗಿ ಕಾದಳು.

"ನೀರು ಬೇಕಾ?" ಎಂದು ಕೇಳಿದೆ.