ಕಸವಲ್ಲ, ಪಾಳಿ

“ಏನ್ರೀ ಅದು ಕಸ? ನಾಳೆ ಮಿನಿಸ್ಟರ್ ಬರ್ತಾರೆ, ಕ್ಲಿಯರ್ ಮಾಡ್ಸಿ!”

ಸಿಡ್ನಿಯಿಂದ ವಿಡಿಯೊ ಕಾಲ್‌ನಲ್ಲಿದ್ದ ನಮ್ಮ ಮ್ಯಾನೇಜರ್ ಬೆಂಗಳೂರಿನವರು. ನಾನು ಮೆಲ್ಬರ್ನ್‌ನ ಟ್ರುಗನಿನಾದ ಮನೆಯಲ್ಲಿದ್ದೆ. ಆಫ್ರಿಕಾದ ಬೆಳೆಯುತ್ತಿರುವ ನಗರವೊಂದಕ್ಕೆ ನಾವು ಡಿಸೈನ್ ಮಾಡಿದ ನೀರು ಶುದ್ಧೀಕರಣ ಘಟಕವನ್ನು ಅಲ್ಲಿನ ಎಂಜಿನಿಯರ್ ಮೊಬೈಲ್ ಹಿಡಿದು ತೋರಿಸುತ್ತಿದ್ದ. ಟ್ರಯಲ್ ಶುರುವಾಗಿ ವಾರವಾಗಿತ್ತು. ಕಾಂಪೌಂಡಿನ ಹೊರಗೆ, ಫಿಲ್ಟರ್ ತೊಳೆದ ರಾಡಿ ನೀರು ಬೀಳುವ ಪೈಪಿನ ಮುಂದೆ ಹಳದಿ ಕ್ಯಾನುಗಳು, ಹಿಡಿಕೆ ಮುರಿದ ಬಕೆಟ್ಟು, ಒಂದು ಚಪ್ಪಲಿ, ಒಂದು ಕಲ್ಲು. ಜನ ಯಾರೂ ಇಲ್ಲ.

ಆದರೆ ಎಲ್ಲವೂ ಒಂದೇ ಸಾಲಿನಲ್ಲಿದ್ದವು! ಹುಬ್ಬಳ್ಳಿಯಲ್ಲಿ ನಳದ ಮುಂದೆ ಕೊಡದ ಬದಲು ಕಲ್ಲಿಟ್ಟು ಮನೆಗೆ ಓಡುತ್ತಿದ್ದವಳು ನಾನು.

“ಸರ್, ಅದು ಕಸ ಅಲ್ರೀ, ಪಾಳಿ!”

“ಪಾಳಿನಾ? ಶಿಫ್ಟಾ?”

“ಕ್ಯೂ ಸರ್. ನೀರಿಗೆ ಹಚ್ಚಿದ ಕ್ಯೂ.”

ಎಂಜಿನಿಯರನನ್ನು ಕೇಳಿದೆ. ಆತ ತಲೆ ತಗ್ಗಿಸಿದ. ಗೋಡೆಯಾಚೆಯ ಹಳ್ಳಿಯವರದಂತೆ. ಶುದ್ಧ ನೀರಿನ ಪೈಪು ಅವರ ಹಳ್ಳಿಯ ಅಡಿಯಲ್ಲೇ ಸೀದಾ ನಗರಕ್ಕೆ ಹೋಗುತ್ತದೆ. ಅವರಿಗೆ ಒಂದು ನಳವೂ ಇಲ್ಲ. ಈ ರಾಡಿಯನ್ನೇ ತುಂಬಿಕೊಂಡು ಹೋಗಿ ಕುಡಿಯುತ್ತಾರಂತೆ.

ಹಳ್ಳಿಗೆ ನಳ ಹಾಕಲೇಬೇಕೆಂದು ಜಗಳ ತೆಗೆದಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಡ್ರಾಯಿಂಗ್ ತೆರೆದರೆ ಇಂದಿಗೂ ಕಣ್ಣು ಮೊದಲು ರಾಡಿ ನೀರಿನ ಪೈಪಿಗೇ ಹೋಗುತ್ತದೆ. ಆ ಪೈಪಿಗೆ ಬಾಣ ಎಳೆದು ‘ವೇಸ್ಟ್’ ಎಂದು ಬರೆದದ್ದು ಹುಬ್ಬಳ್ಳಿಯ ಇದೇ ಕೈ.