ಪರದೆ ನಿಲ್ಲುವ ಮಟ್ಟ

ನಮ್ಮ ಅತ್ತೆ ಇದ್ದ ಕೊನೆಯ ಸಾಧಾರಣ ದಿನ, ಸಂಜೆ ನಾಲ್ಕಕ್ಕೆ, ನಡುಮನೆಯ ಕಿಟಕಿಯ ಪರದೆ ಎಂದಿನಂತೆ ಗುಂಯ್ ಎಂದು ಇಳಿದು ಎಂದಿನ ಜಾಗದಲ್ಲಿ ನಿಂತಿತು. ಪರದೆ ಇಳಿಯುವುದರಲ್ಲಿ ನೋಡುವಂಥದ್ದೇನಿದೆ? ನಾನು ನೋಡಲಿಲ್ಲ. ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆ.

"ಮೂಲೆಮನೆ ಮೇಷ್ಟ್ರು ಈಗ ರಸ್ತೇಲಿ ಹೋದ್ರು ಕಣೇ ಶಶಿ. ಹೊಸ ಚಪ್ಪಲಿ. ಬಲಗಾಲಿಗೆ ಕಚ್ತಾ ಇದೆ, ಪಾಪ. ಒಂದಿಷ್ಟು ಕೊಬ್ಬರಿ ಎಣ್ಣೆ ಕೊಟ್ಬುಟ್ಟು ಬಾ," ಎಂದರು ಅತ್ತೆ, ಬೆತ್ತದ ಕುರ್ಚಿಯಲ್ಲಿ ಕೂತು.

"ನಾಳೆ ಕೊಡ್ತೀನಿ ಬಿಡಿ ಅತ್ತೆ," ಎಂದೆ. ಮರುದಿನ ಬೆಳಿಗ್ಗೆ ಅವರು ಏಳಲಿಲ್ಲ.

ಕೃಷ್ಣಮೂರ್ತಿಪುರಂನ ನಮ್ಮ ಮನೆಗೆ ಕಾಂಪೌಂಡಿಲ್ಲ, ಜಗಲಿ ಇಳಿದರೆ ರಸ್ತೆ. ಕಿಟಕಿ ಪಶ್ಚಿಮಕ್ಕಿದೆ. ಸಂಜೆಯ ಬಿಸಿಲು ಯಾರ ಅಪ್ಪಣೆಯನ್ನೂ ಕೇಳದೆ ಒಳಗೆ ಬಂದು ಅಂಗಾತ ಮಲಗಿಬಿಡುತ್ತದೆ. ಮೊದಲು ಹಗ್ಗ ಎಳೆದು ಇಳಿಸುವ ಪರದೆ ಇತ್ತು. ಅತ್ತೆಯ ಬೆರಳುಗಳ ಗಂಟುಗಳು ಊದಿಕೊಂಡ ಮೇಲೆ ಹಗ್ಗ ಅವರ ಮಾತು ಕೇಳುವುದನ್ನು ನಿಲ್ಲಿಸಿತು. ನಮ್ಮ ಯಜಮಾನರು ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕರಾಗಿ ನಿವೃತ್ತರಾದವರು. ಜಗತ್ತಿನ ವೈರುಗಳೆಲ್ಲ ತಮಗೆ ಒಂದಲ್ಲ ಒಂದು ಕಡೆಯಿಂದ ನೆಂಟರೆಂಬುದು ಅವರ ದೃಢವಾದ ನಂಬಿಕೆ. ಲಷ್ಕರ್ ಮೊಹಲ್ಲಾದಲ್ಲಿ ಪರದೆ ಅಂಗಡಿ ಇಟ್ಟಿರುವ ಮಕ್ಬೂಲ್ ಸಾಹೇಬರನ್ನು ಕರೆತಂದು ಮೋಟಾರಿನ ಪರದೆ ಹಾಕಿಸಿದರು. ಅದರ ರಿಮೋಟು ವಿಭೂತಿ ಗಟ್ಟಿಯಷ್ಟೇ ಉದ್ದ, ಅಷ್ಟೇ ಬಿಳುಪು. ಅತ್ತೆ ಅದನ್ನು ತಮ್ಮ ವಿಭೂತಿಯ ಬಟ್ಟೆಚೀಲದಲ್ಲೇ ಇಟ್ಟುಕೊಂಡರು. ದಿನಕ್ಕೆ ನಾಲ್ಕಾರು ಸಲ ಕೈ ಹೋಗುವ ಜಾಗವೆಂದರೆ ಅದೇ ತಾನೆ.

ಆ ರಿಮೋಟಿನ ನಡುವಿನ ಗುಂಡಿ ಒತ್ತಿದರೆ ಪರದೆ ಅರ್ಧದಾರಿಯಲ್ಲಿ, ನಾವು ಹೇಳಿಕೊಟ್ಟ ಮಟ್ಟದಲ್ಲಿ ನಿಲ್ಲುತ್ತದೆ. ಆ ಮಟ್ಟವನ್ನು ಮೋಟಾರಿಗೆ ಕಲಿಸಲು ಅತ್ತೆ ಮಕ್ಬೂಲ್ ಸಾಹೇಬರ ಒಂದು ಇಡೀ ಮಧ್ಯಾಹ್ನವನ್ನು ತೆಗೆದುಕೊಂಡಿದ್ದರು. "ಒಂದು ನೂಲು ಮೇಲೆ. ಅಯ್ಯೋ, ಜಾಸ್ತಿಯಾಯ್ತು ಕಣಪ್ಪ, ಅರ್ಧ ನೂಲು ಕೆಳಗೆ." ಬಿಸಿಲು ಕಣ್ಣಿಗೆ ಬೀಳಬಾರದು; ಆದರೆ ರಸ್ತೆಯಲ್ಲಿ ಹೋಗುವವರ ಕಾಲು ಕಾಣಬೇಕು. ಬರೀ ಕಾಲು, ಹೆಚ್ಚೆಂದರೆ ಕೈಯಲ್ಲಿರುವ ಚೀಲ. ಮುಖ ಬೇಡವೇ ಬೇಡ.

"ಮುಖ ನೋಡಿದ್ರೆ ಎಲ್ಲಾರೂ ನಗ್ತಾರೆ ಕಣಮ್ಮ," ಎನ್ನುತ್ತಿದ್ದರು. "ಕಾಲಿಗೆ ಸುಳ್ಳು ನಗೋಕ್ಕೆ ಬರಲ್ಲ."

ನಾನು ಇದನ್ನು ಬಹಳ ದಿನ ಹಳೆಗಾಲದ ಹೆಂಗಸಿನ ಕುತೂಹಲವೆಂದೇ ತಿಳಿದು, ಪಿಯುಸಿವರೆಗೆ ಓದಿದವಳಿಗೆ ತಕ್ಕ ಗಾಂಭೀರ್ಯದಿಂದ ಮುಗುಳ್ನಗುತ್ತಿದ್ದೆ. ಒಂದು ದಿನ ಎದುರುಮನೆಯ ಸೊಸೆ ಎರಡು ಕಾಲಿಗೆ ಎರಡು ಬೇರೆ ಚಪ್ಪಲಿ ಮೆಟ್ಟಿಕೊಂಡು ಓಡಿದ್ದನ್ನು ಅತ್ತೆ ಕಂಡರು. ಅವಳು ಹಿಂದಿರುಗುವ ಹೊತ್ತಿಗೆ ಉಪ್ಪಿಟ್ಟಿನ ಡಬ್ಬಿ ಕೊಟ್ಟು ನನ್ನನ್ನು ಅಟ್ಟಿದರು. ಹೋದರೆ, ಅವಳ ತಾಯಿ ಆಸ್ಪತ್ರೆ ಸೇರಿದ್ದರು. ಆಮೇಲೆ ನಾನು ಮುಗುಳ್ನಗುವುದನ್ನು ಕಡಿಮೆ ಮಾಡಿದೆ.

ಅತ್ತೆ ಹೋದ ದಿನ ಜನ ಬರುತ್ತಾರೆ, ಬೆಳಕು ಬೇಕು ಎಂದು ಯಜಮಾನರು ಪರದೆಯನ್ನು ಪೂರ್ತಿ ಮೇಲಕ್ಕೆ ಕಳಿಸಿದರು. ಅದು ಅಲ್ಲೇ ಉಳಿಯಿತು. ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ರಿಮೋಟಿಗಾಗಿ ಹುಡುಕಿದೆವು. ಹಾಸಿಗೆ ಕೆಳಗೆ, ಸಾಸಿವೆ ಡಬ್ಬಿಯಲ್ಲಿ, ಬೀರುವಿನ ಸಂದಿಯಲ್ಲಿ, ಎಲ್ಲೂ ಇಲ್ಲ. ಅಷ್ಟು ದಿನ ಸಂಜೆಯ ಬಿಸಿಲು ನೇರವಾಗಿ ಆ ಬೆತ್ತದ ಕುರ್ಚಿಯ ಮೇಲೆ ಬೀಳುತ್ತಿತ್ತು. ಖಾಲಿ ಕುರ್ಚಿ ಅಷ್ಟೊಂದು ಹೊಳೆಯಬಾರದು.

ಯಜಮಾನರು ಮತ್ತೆ ಮಕ್ಬೂಲ್ ಸಾಹೇಬರನ್ನು ಕರೆದರು. ಅವರು ತಂದದ್ದು ಅಂಗೈಯಗಲದ ಒಂದು ಪೆಟ್ಟಿಗೆ. "ಅಂಥ ರಿಮೋಟು ಈಗ ಬರೋದಿಲ್ಲಮ್ಮಾ. ಇದು ರೇಡಿಯೋ. ಕಳಿಸೋದೂ ಇದೇ, ಕೇಳಿಸ್ಕೊಳ್ಳೋದೂ ಇದೇ. ಫೋನಿಂದ ಹೇಳಿದ್ರೆ ಪರದೆ ಏಳ್ತದೆ, ಇಳೀತದೆ."

ರೇಡಿಯೋ ಎಂದರೆ ನನಗೆ ಗೊತ್ತಿದ್ದದ್ದು ತವರಿನ ಗೂಡಿನಲ್ಲಿ ಕಸೂತಿಯ ಬಟ್ಟೆ ಹೊದ್ದು ಕೂತಿದ್ದ ದೊಡ್ಡ ಪೆಟ್ಟಿಗೆ. ಅದು ತನ್ನ ಪಾಡಿಗೆ ಮಾತಾಡುತ್ತಿತ್ತು. ನಮ್ಮ ಮಾತು ಅದಕ್ಕೆ ಬೇಕಿರಲಿಲ್ಲ. ಹೇಳುವುದು, ಕೇಳಿಸಿಕೊಳ್ಳುವುದು ಎರಡೂ ಒಂದೇ ಯಂತ್ರದಲ್ಲಿ ಸೇರುವುದು ನಿಜಕ್ಕೂ ಅಪೂರ್ವವೇ. ಮೂವತ್ತು ವರ್ಷದ ಸಂಸಾರದ ಅನುಭವದಿಂದ ಹೇಳುವುದಾದರೆ, ಮನುಷ್ಯರಲ್ಲೇ ಆ ಮಾದರಿ ಸುಲಭವಾಗಿ ಸಿಕ್ಕುವುದಿಲ್ಲ. ನಮ್ಮ ಯಜಮಾನರು ಬರೀ ಕಳಿಸುವ ಯಂತ್ರ. ನಾನು ಕೇಳಿಸಿಕೊಂಡಂತೆ ದೀಪ ಮಿನುಗಿಸುವ ಯಂತ್ರ. ಅತ್ತೆ ಒಬ್ಬರೇ ಎರಡೂ ಆಗಿದ್ದರು.

ಪೆಟ್ಟಿಗೆಯನ್ನು ಮೊದಲು ಸ್ಟೀಲಿನ ಬೀರುವಿನ ಮೇಲಿಟ್ಟು ಅರ್ಧ ಗಂಟೆ ಹೆಣಗಿದರು. ಕಬ್ಬಿಣದ ಪಕ್ಕದಲ್ಲಿ ಅದಕ್ಕೆ ಕಿವಿ ಮಂದವಂತೆ. ಕೊನೆಗೆ ಕಿಟಕಿಯ ಪಕ್ಕದ ಗೂಡಿನಲ್ಲಿ, ಅತ್ತೆಯ ವಿಭೂತಿ ಚೀಲ ಇರುತ್ತಿದ್ದ ಜಾಗದಲ್ಲೇ ಇಟ್ಟರು. ನೀಲಿ ದೀಪ ಹತ್ತಿತು.

"ಈಗ ಹಳೇ ರಿಮೋಟು ಬೇಕು," ಎಂದರು ಸಾಹೇಬರು. ಅದರ ಹಿಂದಿನ ಗುಂಡಿ ಒತ್ತಿ ಹಿಡಿದರೆ ಪರದೆ ನಾಲ್ಕು ಬೆರಳು ಇಳಿದು ಏರಿ ತಲೆಯಾಡಿಸುತ್ತದೆ; ಆಮೇಲೆ ಹೊಸ ಪೆಟ್ಟಿಗೆಯನ್ನು ಒಪ್ಪಿಕೊಳ್ಳುತ್ತದೆ. ಪರಿಚಯದವರು ಕರೆತರದೆ ಹೊಸಬರನ್ನು ಒಳಗೆ ಬಿಡುವ ಮೋಟಾರಲ್ಲ ಅದು. ನಮ್ಮ ಬೀದಿಯದೇ ಇರಬೇಕು. "ಹಳೇದು ಇಲ್ದಿದ್ರೆ ಮೋಟಾರಿಗೆ ಎಲ್ಲಾ ಮರೆಸ್ಬೇಕು ಸಾರ್. ಅಜ್ಜಿ ಹೇಳಿ ಇಡಿಸಿದ್ರಲ್ಲ, ಆ ಮಟ್ಟಾನೂ ಹೋಗ್ತದೆ."

ಯಜಮಾನರು ಆ ಗೂಡನ್ನೇ ನೋಡುತ್ತ ನಿಂತಿದ್ದವರು ಮೆಲ್ಲನೆ ಕೂತರು.

"ಶಶಿ, ರಿಮೋಟ್ ಎಲ್ಲಿದೆ ಅಂತ ಗೊತ್ತಾಯ್ತು ಕಣೇ."

"ಎಲ್ಲಿ ರೀ?"

"ಅಮ್ಮನ ಮಡಿಲಲ್ಲಿ."

ಅತ್ತೆ ಹೋದ ದಿನ ಇವರು ಪರದೆ ಏರಿಸಿ, ಅಭ್ಯಾಸಬಲದಿಂದ ರಿಮೋಟನ್ನು ಚೀಲದೊಳಗೇ ಹಾಕಿದ್ದರು. ಸಮಾಧಿಯಲ್ಲಿ, ನಮ್ಮವರ ಪದ್ಧತಿಯಂತೆ, ಅತ್ತೆಯನ್ನು ಕೂರಿಸಿದಾಗ ಅಯ್ಯನವರು "ವಿಭೂತಿ ಕೊಡಿ" ಎಂದರು. ಚೀಲವನ್ನು ಬಿಚ್ಚದೆ ಇವರೇ ಅಮ್ಮನ ಮಡಿಲಲ್ಲಿಟ್ಟಿದ್ದರು. ನಾನು ಅಳುವುದೋ ಏನೋ ಎಂದುಕೊಳ್ಳುವಷ್ಟರಲ್ಲಿ ನಗು ಬಂದುಬಿಟ್ಟಿತು. ಇವರಿಗೂ ಬಂತು. ತಲೆ ತಗ್ಗಿಸಿ ನಿಂತಿದ್ದ ಸಾಹೇಬರು ಸ್ವಲ್ಪ ಹೊತ್ತು ತಡೆದುಕೊಂಡು, "ಯಾರ ಕೈಗೂ ಕೊಡಲ್ಲ ಅಂತ ಅಜ್ಜಿ ಅವತ್ತೇ ಹೇಳಿದ್ರು ಸಾರ್," ಎಂದು ತಾವೂ ನಕ್ಕರು. ಅಷ್ಟು ದಿನಗಳಲ್ಲಿ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು.

ನಗು ಇಳಿದ ಮೇಲೆ ನನಗೆ ಭಯವಾಯಿತು. ಮೋಟಾರು ಮರೆತರೆ ಆ ಮಟ್ಟ ಯಾರಿಗೆ ಗೊತ್ತು? ವರ್ಷಗಟ್ಟಲೆ ದಿನಾ ಕಂಡಿದ್ದೇನೆ. ಕಿಟಕಿಯ ಚೌಕಟ್ಟಿನಲ್ಲಿ ತೋರಿಸು ಎಂದರೆ ಬೆರಳು ಎಲ್ಲಿಡಲಿ? ಇವರು ಒಂದು ಜಾಗ ತೋರಿಸಿದರು, ನಾನು ಇನ್ನೊಂದು. ನಡುವೆ ಒಂದು ಗೇಣಿನ ಅಂತರ. "ನಿನಗೇನ್ ಗೊತ್ತು, ನೀನು ಅಡುಗೆಮನೇಲಿ ಇರ್ತಿದ್ದೆ," ಎಂದರು. ನಿಜ. ಇವರು ಪೇಪರಿನ ಹಿಂದೆ ಇರುತ್ತಿದ್ದರು, ಅದೂ ನಿಜ.

ಆ ಹೊತ್ತಿಗೆ ಹೂವಿನ ಪುಟ್ಟಮ್ಮ ಬಂದಳು. ವಿಷಯ ತಿಳಿದು, ಬುಟ್ಟಿಯನ್ನು ಸೊಂಟಕ್ಕೆ ಸರಿಪಡಿಸಿಕೊಂಡು, "ಅಮ್ಮಾವ್ರಿಗೆ ಏನ್ ಕಾಣ್ತಿತ್ತು ಅಂತ ನನ್ನ ಕೇಳಿ," ಎಂದಳು. "ನನ್ನ ಬಳೆ ಕಾಣ್ತಿತ್ತು. ಒಸ ಬಳೆ ಆಕಿದ್ರೆ ಒಳಗಿಂದ್ಲೇ ಕೇಳೋರು. ಮೊಣಕೈ ಮೇಲಿರೋ ಅಚ್ಚೆ ಕಾಣ್ತಿರ್ನಿಲ್ಲ. ಅದ ನೋಡಿದ್ದು ಒಂದಿನ ನಾನು ಜಗ್ಲಿ ಮೇಲೆ ಕೂತಾಗ್ಲೇ."

ಸಾಹೇಬರು ಮೇನ್ ಸ್ವಿಚ್ಚನ್ನು ಎರಡು ಸಲ ಆರಿಸಿ ಹಾಕಿದರು. ಪರದೆ ಒಮ್ಮೆ ಮಿಸುಕಿತು. ಎಲ್ಲವನ್ನೂ ಮರೆಯಲು ಅದಕ್ಕೆ ಬೇಕಾದದ್ದು ಅಷ್ಟೇ.

ಪೆಟ್ಟಿಗೆಯನ್ನು ಒಪ್ಪಿಕೊಂಡಿತಾದರೂ ಮೊದಮೊದಲು 'ಇಳಿ' ಎಂದರೆ ಏರುತ್ತಿತ್ತು. ತಿರುಗುವ ದಿಕ್ಕನ್ನು ಬದಲಿಸಿ ಅದನ್ನೂ ಸರಿಮಾಡಿದರು. ಅತ್ತೆಯ ಕುರ್ಚಿಯಲ್ಲಿ ನಾನು ಕೂತೆ. ಅವರಿಗಿಂತ ನಾನು ಎತ್ತರ, ಆದ್ದರಿಂದ ಬೆನ್ನು ಬಾಗಿಸಿ, ಕತ್ತು ಕುಗ್ಗಿಸಿ ಕೂತೆ. ಪುಟ್ಟಮ್ಮ ರಸ್ತೆಯಲ್ಲಿ ಅತ್ತಿಂದಿತ್ತ ನಡೆದಳು.

"ಬಳೆ ಕಾಣ್ತಾ?"

"ಕಾಣ್ತು ಪುಟ್ಟಮ್ಮ."

"ಅಚ್ಚೆ?"

"ಅದೂ ಕಾಣ್ತಿದೆ."

"ಅಂಗಾರೆ ಇನ್ನೂ ಇಳ್ಸಿ ಸಾಹೇಬ್ರೇ! ನನ್ನ ಊವು ಬಾಡೋಗ್ತದೆ!"

ಬೀದಿಯ ಬಾಗಿಲುಗಳೆಲ್ಲ ತೆರೆದವು. ಎದುರುಮನೆಯ ಸೊಸೆಯೂ ಪುಟ್ಟಮ್ಮನ ಹಿಂದೆ ಒಂದು ಸುತ್ತು ನಡೆದಳು. ಇಳಿಸಿ, ಏರಿಸಿ, ಅರ್ಧ ನೂಲು ಇಳಿಸಿ, ಹಚ್ಚೆ ಮರೆಯಾಗಿ ಬಳೆ ಉಳಿದ ಕ್ಷಣದಲ್ಲಿ ಆ ಕಿಂಡಿಯೊಳಗೆ ಎರಡು ಚಪ್ಪಲಿಗಳು ನಿಧಾನವಾಗಿ ಬಂದವು. ಬಲಗಾಲಿನ ಹಿಮ್ಮಡಿಗೆ ಪಟ್ಟಿ ಅಂಟಿಸಿತ್ತು.

"ಮೇಷ್ಟ್ರೇ, ಚಪ್ಪಲಿ ಇನ್ನೂ ಕಚ್ಚುತ್ತಾ?" ಎಂದು ಕೂಗಿದೆ.

ಕಾಲುಗಳು ನಿಂತವು. "ಯಾರಮ್ಮಾ ಹೇಳಿದ್ದು?"

"ನಮ್ಮ ಅತ್ತೆ."

ಸಾಹೇಬರ ಕಡೆ ತಿರುಗಿ, "ಇದೇ ಮಟ್ಟ. ಇಲ್ಲೇ ಇಟ್ಬುಡಿ," ಎಂದೆ. ಸಾಹೇಬರು ಫೋನಿನಲ್ಲಿ ಬೆರಳು ಒತ್ತಿ ಹಿಡಿದರು, ಪರದೆ ತಲೆಯಾಡಿಸಿತು. ನಾನು ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಜಗಲಿ ಇಳಿದೆ.

ಈಗ ಪೆಟ್ಟಿಗೆಗೆ ನಾವು ಹೇಳಬೇಕಾಗಿಯೂ ಇಲ್ಲ. ದಿನಾ ನಾಲ್ಕಕ್ಕೆ ಪರದೆ ತಾನೇ ಗುಂಯ್ ಎಂದು ಇಳಿದು ಅತ್ತೆಯ ಮಟ್ಟದಲ್ಲಿ ನಿಲ್ಲುತ್ತದೆ. ಇಳಿಯುವುದನ್ನು ನಾನು ಪೂರ್ತಿ ನೋಡುತ್ತೇನೆ. ಅವರೆಕಾಯಿಯನ್ನೂ ಅಲ್ಲೇ ಕೂತು ಬಿಡಿಸುತ್ತೇನೆ. ಪುಟ್ಟಮ್ಮನ ಕಾಲು ಗೊತ್ತು, ಮೇಷ್ಟ್ರ ಕಾಲು ಗೊತ್ತು. ಉಳಿದ ಕಾಲುಗಳು ಬರುತ್ತವೆ, ಹೋಗುತ್ತವೆ. ಅವು ಯಾರವು ಎಂದು ಹೇಳಲು ಅತ್ತೆ ಇಲ್ಲ.